ಅವಚಟರ ಕೊಳಲು

ಪುಣೆಯ ಹಳೆಯ ಪೇಟೆಗಳಿಂದ ಈಶಾನ್ಯಾಭಿಮುಖವಾಗಿ ಹೊರಟು ಮುಳಾ-ಮುಠಾ ನದಿಯನ್ನು ದಾಟಿದರೆ ಸಿಗುವ ಯರವಡಾ ಎಂಬ ಭಾಗದ ಹೆಸರನ್ನು ಕೇಳಿದೊಡನೆ ನಮ್ಮ ಹಿರಿಯರ ಮನಸ್ಸಿನಲ್ಲಿ ಮೂಡುವುದು ಸೆರೆಮನೆಯ ಚಿತ್ರ; 1932ರಲ್ಲಿ ಮಹಾತ್ಮಾ ಗಾಂಧಿಯವರು ಆಮರಣ ಉಪವಾಸವನ್ನು ಕೈಗೊಂಡದ್ದೂ, ಡಾ. ಅಂಬೇಡ್ಕರರೊಡನೆ ನಡೆದ ಸಂಧಾನವು ಪುಣೆ ಒಪ್ಪಂದದ ರೂಪವನ್ನು ತಾಳಿದ್ದೂ ಆ ಕಲ್ಲುಗೋಡೆಗಳ ಒಳಗೆಯೇ. ಅದೇ ಯರವಡೆಯಲ್ಲಿ ಇನ್ನೊಂದು ದೀರ್ಘವಾದ ಪ್ರಾಕಾರವಿದೆ. ಅದು ಸರ್ಕಾರದ ಮಾನಸಿಕ ಆಸ್ಪತ್ರೆಯದು. ಬ್ರಿಟಿಷರ ಆಳ್ವಿಕೆಯ ಕಾಲದಿಂದ ಬಂದದ್ದು. ದೇಶದ ಅತಿ ದೊಡ್ಡ ಮಾನಸಿಕ ಆಸ್ಪತ್ರೆಗಳ ಸಾಲಿಗೆ ಸೇರಿದ್ದು. ತಪ್ಪು ಮಾಡಿದವರನ್ನು ಒಂದು ಗೋಡೆಯ ಹಿಂದೆಯೂ ಬುದ್ಧಿ ಕದಡಿದವರನ್ನು ಇನ್ನೊಂದು ಗೋಡೆಯ ಹಿಂದೆಯೂ ಇರಿಸಿ ನಗರವು ತನ್ನ ಪಾಡಿಗೆ ತಾನು ನಡೆದಿದ್ದ ಕಾಲದಲ್ಲಿ, ಈ ಎರಡು ವರ್ಗಗಳಿಗೂ ಪೂರ್ತಿಯಾಗಿ ಸೇರದೆ ಎರಡೂ ಕಡೆಯಿಂದ ನೂಕಿಸಿಕೊಂಡಿದ್ದ ಒಂದು ಜನವರ್ಗಕ್ಕಾಗಿ, 1986ನೆಯ ಇಸವಿಯ ಆಗಸ್ಟ್ 29ರಂದು, ಆ ಎರಡನೆಯ ಪ್ರಾಕಾರದ ಒಳಗೆ ಒಂದು ಕೇಂದ್ರವು ತೆರೆಯಿತು. ಮಾದಕದ್ರವ್ಯಗಳಿಗೆ ದಾಸರಾದವರ ಕೇಂದ್ರವದು; ಹೆಸರು ಮುಕ್ತಾಂಗಣ. ಆರಂಭಿಸಿದವರು ವೈದ್ಯ ದಂಪತಿಗಳು: ಆ ಆಸ್ಪತ್ರೆಯಲ್ಲಿಯೇ ಮನೋವೈದ್ಯೆಯಾಗಿದ್ದ ಡಾ. ಸುನಂದಾ ಅವಚಟ ಮತ್ತು ಅವರ ಪತಿ ಡಾ. ಅನಿಲ ಅವಚಟ.

ಅನಿಲ ಅವಚಟರ ಹೆಸರು ಮಹಾರಾಷ್ಟ್ರದಲ್ಲಿ ಮನೆಮಾತಾದರೂ, ಬೆಳಗಾವಿ ನಿಪ್ಪಾಣಿಗಳಂತಹ ಗಡಿಯೂರುಗಳ ಮರಾಠಿ ಬಲ್ಲ ವಾಚಕರನ್ನು ಬಿಟ್ಟರೆ ಕನ್ನಡಿಗರಲ್ಲಿ ಅವರನ್ನು ಅರಿತವರು ವಿರಳ. ಅವರು ಎಂ.ಬಿ.ಬಿ.ಎಸ್. ಪದವೀಧರರು, ಆದರೆ ಸ್ಟೆತಾಸ್ಕೋಪಿನೊಡನೆ ಅವರನ್ನು ಕಂಡವರು ಕಡಮೆ, ಕೊಳಲಿನೊಡನೆ ಕಂಡವರು ಬಹಳ. ಮುಖತುಂಬ ಗಡ್ಡ, ಸಡಿಲವಾದ ಜುಬ್ಬ, ಹೆಗಲಿಗೊಂದು ಬಟ್ಟೆಯ ಚೀಲ. ಯಾರೊಡನೆಯಾದರೂ ಮಾತಿಗೆ ಕುಳಿತರೆ ಕೈಬೆರಳುಗಳು ಸುಮ್ಮನಿರುತ್ತಿರಲಿಲ್ಲ. ಚೌಕಾಕಾರದ ಒಂದು ಕಾಗದವನ್ನು ಮಡಿಸಿ ಮಡಿಸಿ, ಕತ್ತರಿಯನ್ನಾಗಲಿ ಅಂಟನ್ನಾಗಲಿ ಮುಟ್ಟದೆ, ಹಕ್ಕಿಯನ್ನೋ ಪ್ರಾಣಿಯನ್ನೋ ಮೂಡಿಸಿ ಹತ್ತಿರವಿದ್ದ ಮಗುವಿನ ಕೈಗೆ ಕೊಡುವುದು ಅವರ ರೂಢಿ. ಮರವನ್ನು ಕೆತ್ತಿದರು, ಚಿತ್ರ ಬರೆದರು, ಅಡಿಗೆ ಮಾಡಿದರು, ಹಾಡಿದರು, ಕೊಳಲು ನುಡಿಸಿದರು. ಈ ಹವ್ಯಾಸಗಳನ್ನು ಕುರಿತೇ 'ಛಂದಾಂವಿಷಯೀ' ಎಂಬ ಒಂದು ಗ್ರಂಥವನ್ನು ರಚಿಸಿದರು. ಸಾಹಿತ್ಯಪ್ರಿಯರು ಅವರನ್ನು ಲೇಖಕರೆಂದು ಗೌರವಿಸಿದರು. ಕಾರ್ಯಕರ್ತರು ಸಮಾಜಸೇವಕರೆಂದು ವಂದಿಸಿದರು. ಕೊಳಲು, ಕಾಗದ, ಬಣ್ಣಗಳನ್ನು ಮಾತ್ರ ಬಹುಮಂದಿ ಒಬ್ಬ ದೊಡ್ಡ ಮನುಷ್ಯನ ಬಿಡುವಿನ ವಿನೋದವೆಂದು ಎಣಿಸಿ ಬದಿಗಿರಿಸಿದರು. ಈ ಎಣಿಕೆಯು ಸರಿಯಲ್ಲವೆಂದು ನನಗೆ ದೃಢವಾಗಿ ತೋರುತ್ತದೆ. ಅವಚಟರ ಕೊಳಲನ್ನು ಅವರ ವೈದ್ಯಕದಿಂದ ಬೇರ್ಪಡಿಸಿದರೆ ಮುಕ್ತಾಂಗಣದಲ್ಲಿ ನಡೆದದ್ದೇನೆಂಬುದು ಅರ್ಧ ಮಾತ್ರ ತಿಳಿಯುತ್ತದೆ.

ಪುಣೆ ಜಿಲ್ಲೆಯ ಜುನ್ನರ ತಾಲ್ಲೂಕಿನ ಓತೂರು ಎಂಬ ಗ್ರಾಮದಲ್ಲಿ 1944ನೆಯ ಆಗಸ್ಟ್ 26ರಂದು ಜನಿಸಿದ ಅವರು ವೈದ್ಯಶಿಕ್ಷಣಕ್ಕಾಗಿ ಪುಣೆಯ ಬಿ. ಜೆ. ವೈದ್ಯಕೀಯ ಕಾಲೇಜನ್ನು ಸೇರಿದರು. ಸುನಂದಾ ಅವರ ಪರಿಚಯವೂ, ಸಮಾಜವಾದೀ ತರುಣರ ಸಂಗವೂ ಲಭಿಸಿದ್ದು ಈ ದಿನಗಳಲ್ಲಿ. ಆಗ ಬಿಹಾರದಲ್ಲಿ ಭೀಕರವಾದ ಕ್ಷಾಮವು ತಲೆದೋರಿತ್ತು; ಪರಿಹಾರ ಕಾರ್ಯಕ್ಕೆಂದು ಅಲ್ಲಿಗೆ ಹೋದ ಅವಚಟರು, ಹಸಿವೆಂಬುದು ರೋಗವಲ್ಲವೆಂದೂ ಅದಕ್ಕೆ ತಾವು ಕಲಿತ ಔಷಧಗಳಾವುವೂ ಸಲ್ಲವೆಂದೂ ಕಣ್ಣಾರೆ ಕಂಡು ಮರಳಿದರು. ಆ ಅನುಭವದಿಂದ 1969ರಲ್ಲಿ ಹೊರಬಂದ 'ಪೂರ್ಣಿಯಾ' ಅವರ ಮೊದಲನೆಯ ಪುಸ್ತಕ. ಅಲ್ಲಿಂದಾಚೆಗೆ ಯುವಕ ಕ್ರಾಂತಿ ದಳದ ಚಳವಳಿ, ಸಾನೆ ಗುರೂಜಿಯವರು ಸ್ಥಾಪಿಸಿದ 'ಸಾಧನಾ' ವಾರಪತ್ರಿಕೆಯ ಸಂಗ, ಬರವಣಿಗೆ. ಸ್ವಾತಂತ್ರ್ಯದ ರಜತೋತ್ಸವದ ಸಂದರ್ಭದಲ್ಲಿ, 1972ರಲ್ಲಿ, ಆ ಪತ್ರಿಕೆಯ ವಿಶೇಷ ಸಂಚಿಕೆಯನ್ನು ಸಂಪಾದಿಸಿದವರು ಅವಚಟರೇ. ದಲಿತ ಲೇಖಕ ರಾಜಾ ಢಾಲೆಯವರ ಲೇಖನವು ಅದರಲ್ಲಿ ಪ್ರಕಟವಾಗಿ ಮಹಾರಾಷ್ಟ್ರವನ್ನೆಲ್ಲ ಕಲಕಿತು.

ವೈದ್ಯಪದವಿಯನ್ನು ಪಡೆದು ಸಮಾಜದ ನಡುವೆ ಇಳಿದುಬಂದವರ ಒಂದು ಪರಂಪರೆಯೇ ಆ ಸೀಮೆಯಲ್ಲಿದೆ. ಹಮಾಲರನ್ನು ಸಂಘಟಿಸಿ, ಒಂದು ಊರಿಗೆ ಒಂದೇ ನೀರಿನ ನೆಲೆಯೆಂಬ ಚಳವಳಿಯನ್ನು ನಡೆಸಿದ ಬಾಬಾ ಆಢಾವರು ಪುಣೆಯ ವೈದ್ಯರು. ಅಂಧಶ್ರದ್ಧೆಯ ವಿರುದ್ಧ ಹೋರಾಡಿ ಕೊನೆಗೆ 2013ರಲ್ಲಿ ಅದೇ ಪುಣೆಯ ಬೀದಿಯಲ್ಲಿ ಪ್ರಾಣವನ್ನೇ ತೆತ್ತ ನರೇಂದ್ರ ದಾಭೋಲ್ಕರರು ಸಾತಾರೆಯ ವೈದ್ಯರು. ಆದರೂ ಅವಚಟರ ದಾರಿಯಲ್ಲಿ ಒಂದು ವೈಲಕ್ಷಣ್ಯವಿತ್ತು. ಸುನಂದಾ ಅವರು ಆಸ್ಪತ್ರೆಯ ನೌಕರಿಗೆ ಹೋಗಿ ಸಂಸಾರದ ಆರ್ಥಿಕ ಭಾರವನ್ನು ಹೊತ್ತರು. ಪತಿಯು ಮನೆಯಲ್ಲಿದ್ದು ಇಬ್ಬರು ಹೆಣ್ಣುಮಕ್ಕಳನ್ನು ನೋಡಿಕೊಂಡು, ಒಲೆಯನ್ನೂ ಲೇಖನಿಯನ್ನೂ ನಿರ್ವಹಿಸಿದರು. ಅರ್ಧ ಶತಮಾನದ ಹಿಂದೆ, ಮಧ್ಯಮವರ್ಗದ ಮರಾಠೀ ಮನೆಯೊಂದರಲ್ಲಿ, ವೈದ್ಯನಾದ ಗಂಡಸು ಹೀಗೆ ಬದುಕಲು ನಿಶ್ಚಯಿಸುವುದಕ್ಕೆ ಎಷ್ಟು ಧೈರ್ಯ ಬೇಕೋ, ಅವನು ಹಾಗೆ ಬದುಕಲೆಂದು ಹೆಂಡತಿಯು ಇಚ್ಛಿಸುವುದಕ್ಕೆ ಅದಕ್ಕಿಂತ ಹೆಚ್ಚಿನ ಧೈರ್ಯ ಬೇಕು. ಅನಿಲರ ಕೀರ್ತಿಯ ಹಿಂದೆ ಸುನಂದಾ ಅವರ ಸಂಬಳದ ಲಕೋಟೆಯಿತ್ತೆಂಬುದನ್ನು ಅವರ ಚರಿತ್ರಕಾರರು ಮೊದಲ ಪುಟದಲ್ಲಿಯೇ ಬರೆಯಬೇಕು.

ಆ ವರ್ಷಗಳಲ್ಲಿ ಅವಚಟರು ಬರೆದದ್ದೆಲ್ಲವೂ ಕಂಡು ಕೇಳಿ ಬರೆದದ್ದು. ಹೊರೆ ಹೊರುವ ಹಮಾಲರು, ಯಂತ್ರಮಗ್ಗದ ಕಾರ್ಮಿಕರು, ಊರೂರು ಅಲೆಯುವ ಜಾತಿಗಳವರು, ಇವರ ನಡುವೆ ಹೋಗಿ ಕುಳಿತು, ಅವರು ಏನನ್ನು ಉಣ್ಣುತ್ತಾರೆ, ಎಲ್ಲಿ ಮಲಗುತ್ತಾರೆ, ಯಾವ ಕೀಲು ಎಲ್ಲಿ ನೋಯುತ್ತದೆ ಎಂಬುದನ್ನು ಕೇಳಿ, ಅಲಂಕಾರವಿಲ್ಲದ ಸಣ್ಣ ಸಣ್ಣ ವಾಕ್ಯಗಳಲ್ಲಿ ನಿರೂಪಿಸಿದರು. 'ಮಾಣಸಂ' ಎಂಬ ಸಂಕಲನವು ಇದರಿಂದ ಹುಟ್ಟಿತು. ನಮ್ಮ ನಿಪ್ಪಾಣಿಯ ತಂಬಾಕಿನ ವಖಾರಿಗಳಲ್ಲಿ ದುಡಿಯುವ ಹೆಂಗಸರ ಬಳಿಗೂ ಅವರು ಬಂದಿದ್ದರು. ತಂಬಾಕಿನ ಒಣ ಎಲೆಯನ್ನು ಬಡಿದು ಜರಡಿ ಹಿಡಿಯುವಾಗ ಏಳುವ ಧೂಳು ಎಂತಹುದೆಂಬುದನ್ನು ಆ ವಖಾರಿಗಳ ಬಾಗಿಲಲ್ಲಿ ಒಂದು ಗಳಿಗೆ ನಿಂತವರೂ ಬಲ್ಲರು. ಗಂಟಲು ಕಟ್ಟಿ, ಕಣ್ಣು ಉರಿದು, ನಿಂತವರು ಹಿಂದೆ ಸರಿಯುತ್ತಾರೆ. ಒಳಗೆ ಸೆರಗನ್ನು ಮೂಗಿಗೆ ಕಟ್ಟಿಕೊಂಡ ಹೆಂಗಸರು ಬೆಳಗಿನಿಂದ ಬೈಗಿನವರೆಗೆ ಅದನ್ನೇ ಉಸಿರಾಡುತ್ತಾರೆ. ವೈದ್ಯನ ಕಣ್ಣಿಗೆ ಮಾತ್ರ ಗೋಚರಿಸುವ ವಿವರಗಳನ್ನು ವೈದ್ಯಕೀಯ ಪರಿಭಾಷೆಯಿಲ್ಲದೆ ಹೇಳಬಲ್ಲವರಾಗಿದ್ದುದರಿಂದಲೇ ಅವಚಟರ ಬರವಣಿಗೆಗೆ ಆ ತೂಕ ಬಂದದ್ದು. ಅವರು ವೃತ್ತಿಯನ್ನು ತೊರೆದರೆಂದು ಹೇಳುವುದುಂಟು. ರೋಗಿಯ ಪಕ್ಕದಲ್ಲಿ ಕುಳಿತು ಪೂರ್ಣ ಕೇಳಿಸಿಕೊಳ್ಳುವುದು ವೈದ್ಯನ ಮೊದಲ ಕರ್ತವ್ಯವೆಂದು ಒಪ್ಪುವವರು ಹಾಗೆ ಹೇಳಲಾರರು.

ಎಂಬತ್ತರ ದಶಕದ ಆರಂಭದಲ್ಲಿ ನಮ್ಮ ಮಹಾನಗರಗಳನ್ನು ಒಂದು ಹೊಸ ವಿಷವು ಪ್ರವೇಶಿಸಿತು. ಪತ್ರಿಕೆಗಳು ಅದನ್ನು ಬ್ರೌನ್ ಶುಗರ್ ಎಂದವು. ಮುಂಬಯಿ ಪುಣೆಗಳ ಬೀದಿಯಲ್ಲಿ ಅದರ ಹೆಸರು ಗರ್ದ್, ಅದಕ್ಕೆ ಬಿದ್ದವನು ಗರ್ದುಲ್ಲಾ. ಅದು ಶೋಧಿಸದ ಹೆರಾಯಿನ್. ಸಿಗರೇಟಿನ ಪೊಟ್ಟಣದೊಳಗಿನಂತಹ ಬೆಳ್ಳಿಕಾಗದದ ತುಂಡನ್ನು, ಅವರ ಮಾತಿನಲ್ಲಿ ಪನ್ನಿಯನ್ನು, ಎಡಗೈಯಲ್ಲಿ ಹಿಡಿದು, ಅದರ ಮೇಲೆ ಕಂದು ಬಣ್ಣದ ಚಿಟಿಕೆ ಪುಡಿಯನ್ನಿಟ್ಟು, ಕೆಳಗೆ ಕಡ್ಡಿ ಗೀರುತ್ತಾರೆ; ಪುಡಿಯು ಕರಗಿ ಎಣ್ಣೆಯ ಹನಿಯಂತೆ ಓಡುತ್ತದೆ; ಏಳುವ ಹೊಗೆಯನ್ನು ಸುರುಳಿ ಸುತ್ತಿದ ನೋಟಿನ ಕೊಳವೆಯಿಂದ, ಒಂದಿಷ್ಟೂ ಸೋರದಂತೆ, ಒಳಕ್ಕೆ ಎಳೆದುಕೊಳ್ಳುತ್ತಾರೆ. ಮೊದಲ ಕೆಲವು ದಿನ ಸುಖ. ಬಳಿಕ ಸುಖವಿಲ್ಲ, ಸೇದದಿದ್ದರೆ ದುಃಖ ಮಾತ್ರ ಉಂಟು. ಕೊನೆಯ ದಮ್ಮು ಎಳೆದು ಎಂಟು ಹನ್ನೆರಡು ಗಂಟೆಗಳಾಗುತ್ತಲೂ ಆಕಳಿಕೆ, ಮೂಗು ಕಣ್ಣುಗಳಿಂದ ನೀರು, ಮೈಮೇಲೆ ಮುಳ್ಳು. ಅನಂತರ ಮೂಳೆಯೊಳಗೇ ಹುಟ್ಟಿದಂತಹ ನೋವು, ವಾಂತಿ, ಭೇದಿ, ನಿದ್ರೆಯಿಲ್ಲದ ರಾತ್ರಿಗಳು, ಹಾಸಿಗೆಯಲ್ಲಿ ತಾವಾಗಿಯೇ ಒದೆಯುವ ಕಾಲುಗಳು. ಎರಡನೆಯ ಮೂರನೆಯ ದಿನ ಇದು ಪರಾಕಾಷ್ಠೆಗೇರುತ್ತದೆ. ಗರ್ದಿನವರು ಈ ಯಾತನೆಯನ್ನು ಟರ್ಕಿ ಎಂದು ಕರೆಯುತ್ತಾರೆ. ಟರ್ಕಿಯ ಭಯದಿಂದಲೇ ತಾಯಿಯ ಮಂಗಳಸೂತ್ರವು ಮಾರಾಟವಾಗುತ್ತದೆ, ಓದುವ ಹುಡುಗನು ಕಳ್ಳನಾಗುತ್ತಾನೆ. 1985ರಲ್ಲಿ ಸರ್ಕಾರವು ಮಾದಕದ್ರವ್ಯಗಳ ಬಗ್ಗೆ ಕಠಿನವಾದ ಕಾನೂನನ್ನು ತಂದಿತು. ಆದರೆ ಸೇದುವವನು ಗುಣವಾಗಬೇಕಾದರೆ ಎಲ್ಲಿಗೆ ಹೋಗಬೇಕೆಂಬುದಕ್ಕೆ ಉತ್ತರವಿರಲಿಲ್ಲ.

ಪರಿಚಿತರ ಮನೆಯ ಹುಡುಗನೊಬ್ಬನು ಗರ್ದಿಗೆ ಬಿದ್ದ ನಿಮಿತ್ತದಿಂದ ಈ ಲೋಕವು ಅವಚಟ ದಂಪತಿಗಳ ಅರಿವಿಗೆ ಬಂದಿತು. ಸುನಂದಾ ಚಿಕಿತ್ಸೆಗೆ ತೊಡಗಿದರು. ಅನಿಲರು ತಮ್ಮ ಸ್ವಭಾವಕ್ಕನುಗುಣವಾಗಿ ಆ ಹುಡುಗರು ಸೇರುವ ಓಣಿಗಳಿಗೆ ಹೋಗಿ, ಅವರೊಡನೆ ನೆಲದ ಮೇಲೆ ಕುಳಿತು, ಕೇಳಿ ಬರೆದರು. ಆ ಲೇಖನಮಾಲೆಯೇ ಮುಂದೆ 'ಗರ್ದ್' ಎಂಬ ಪುಸ್ತಕ. ಅದನ್ನು ಓದಿ ಕಳವಳಗೊಂಡವರಲ್ಲಿ ಪು. ಲ. ದೇಶಪಾಂಡೆಯವರೂ ಅವರ ಪತ್ನಿ ಸುನೀತಾಬಾಯಿಯವರೂ ಇದ್ದರು. ಮಹಾರಾಷ್ಟ್ರವನ್ನು ನಗಿಸಿದವರೆಂದು ಪ್ರಸಿದ್ಧರಾದ ಪು. ಲ. ಅವರು ಹಿಂದೆ ಬೆಳಗಾವಿಯ ಕಾಲೇಜಿನಲ್ಲಿ ಕೆಲಕಾಲ ಅಧ್ಯಾಪಕರಾಗಿದ್ದವರು; ಉತ್ತಮ ಹಾರ್ಮೋನಿಯಂ ವಾದಕರು; ಸಂಗೀತವೇ ತಮ್ಮ ಮೊದಲ ಪ್ರೇಮವೆಂದು ತಿಳಿದವರು. ಅವರು ತಮ್ಮ ಪ್ರತಿಷ್ಠಾನದಿಂದ 1 ಲಕ್ಷ ರೂಪಾಯಿಗಳನ್ನು ಕೊಟ್ಟು, ಕೇಂದ್ರವೊಂದನ್ನು ತೆರೆಯಿರೆಂದರು. ಸುನಂದಾ ಅವರು ಕೆಲಸ ಮಾಡುತ್ತಿದ್ದ ಆಸ್ಪತ್ರೆಯ ಆವರಣದಲ್ಲಿಯೇ ಸ್ಥಳ ಸಿಕ್ಕಿತು. ಹೀಗೆ ಯರವಡೆಯ ಗೋಡೆಯೊಳಗೆ ಮುಕ್ತಾಂಗಣವು ಹುಟ್ಟಿತು.

ಇಲ್ಲಿ ಸುನಂದಾ ಅವರನ್ನು ಕುರಿತು ಒಂದೆರಡು ಮಾತುಗಳನ್ನು ಹೇಳದೆ ಮುಂದುವರಿಯುವುದು ಅನ್ಯಾಯವಾದೀತು. ಕೇಂದ್ರದ ವೈದ್ಯಕೀಯ ಬುದ್ಧಿಯೂ ಆಡಳಿತದ ಬೆನ್ನೆಲುಬೂ ಅವರೇ. ಅಲ್ಲಿನವರು ಅವರನ್ನು 'ಮೋಠ್ಯಾ ಮ್ಯಾಡಮ್' ಎಂದು, ಎಂದರೆ ದೊಡ್ಡಮ್ಮನವರೆಂಬ ಭಾವದಿಂದ, ಕರೆಯುತ್ತಿದ್ದರು. ಅನಿಲರು ಎಲ್ಲರಿಗೂ 'ಬಾಬಾ'. ಬಂದವನು ಅಪರಾಧಿಯಲ್ಲ, ಕೆಟ್ಟವನಲ್ಲ, ಅವನಿಗೆ ಒಂದು ಕಾಯಿಲೆಯಿದೆ, ಅದನ್ನು ಹೊರತು ಅವನೂ ನಮ್ಮಂತೆಯೇ ಎಂಬ ನಿಲುವಿನಲ್ಲಿ ಅವರು ಕೇಂದ್ರವನ್ನು ಕಟ್ಟಿದರು. ಚಿಕಿತ್ಸೆಯ ಅವಧಿ 35 ದಿವಸ. ಅಮೆರಿಕದಲ್ಲಿ 1935ರಲ್ಲಿ ಕುಡುಕರಿಬ್ಬರು, ಅವರಲ್ಲೊಬ್ಬನು ಶಸ್ತ್ರವೈದ್ಯ, ಒಬ್ಬರಿಗೊಬ್ಬರು ಆಸರೆಯಾಗಿ ಆರಂಭಿಸಿದ ಆಲ್ಕೊಹಾಲಿಕ್ಸ್ ಅನಾನಿಮಸ್ ಬಳಗದ ಅನುಭವವನ್ನೂ ಬಳಸಿಕೊಂಡರು: ಜನ್ಮವಿಡೀ ಮುಟ್ಟುವುದಿಲ್ಲವೆಂಬ ಭೀಷ್ಮಪ್ರತಿಜ್ಞೆ ಬೇಡ, ಇವತ್ತೊಂದು ದಿನ ಮುಟ್ಟದಿದ್ದರೆ ಸಾಕು. ವ್ಯಸನಿಗಳ ಪತ್ನಿಯರಿಗಾಗಿ 'ಸಹಚರಿ' ಎಂಬ ಕೂಟವು ನಡೆಯಿತು. ಏಕೆಂದರೆ ಈ ರೋಗದಲ್ಲಿ ಮಲಗುವವನು ಒಬ್ಬ, ನರಳುವವರು ಮನೆಮಂದಿಯೆಲ್ಲ. ಬಿಟ್ಟವನು ಮತ್ತೆ ಹಿಡಿದರೆ ಅದಕ್ಕೆ ಅಲ್ಲಿ 'ಸ್ಲಿಪ್' ಎಂಬ ಹೆಸರು; ಜಾರಿದವನಿಗೆ ಬೈಗಳಿಲ್ಲ, ಪುನಃ ದಾಖಲಾತಿ.

ಈಗ ಕೊಳಲಿನ ಮಾತು.

ಪುಣೆಯು ಹಿಂದೂಸ್ತಾನಿ ಸಂಗೀತದ ರಾಜಧಾನಿಗಳಲ್ಲೊಂದೆಂಬುದನ್ನೂ, ಆ ಹಿರಿಮೆಯಲ್ಲಿ ಕನ್ನಡಿಗರ ಪಾಲು ಅಲ್ಪವಲ್ಲವೆಂಬುದನ್ನೂ ನಮ್ಮ ವಾಚಕರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಭಾಸ್ಕರಬುವಾ ಬಖಲೆಯವರು ಭಾರತ ಗಾಯನ ಸಮಾಜವನ್ನು ಅಲ್ಲಿ ಸ್ಥಾಪಿಸಿದರು. ಕುಂದಗೋಳದ ರಾಮಭಾವೂ, ಲೋಕಕ್ಕೆಲ್ಲ ಸವಾಯಿ ಗಂಧರ್ವರು, ಪಾರ್ಶ್ವವಾಯುವಿನಿಂದ ಪೀಡಿತರಾಗಿ ತಮ್ಮ ಕೊನೆಯ ದಿನಗಳನ್ನು ಕಳೆದು 1952ರಲ್ಲಿ ದೇಹವಿಟ್ಟದ್ದು ಪುಣೆಯಲ್ಲಿ. ಮರುವರ್ಷವೇ ಅವರ ಸ್ಮರಣಾರ್ಥವಾಗಿ ಸಂಗೀತೋತ್ಸವವು ಆರಂಭವಾಯಿತು. ಅದನ್ನು ಗದಗಿನ ಭೀಮಸೇನ ಜೋಶಿಯವರೊಡನೆ ಕೂಡಿ ಬೆಳೆಸಿದವರಲ್ಲಿ ಪ್ರಮುಖರು ಸವಾಯಿ ಗಂಧರ್ವರ ಅಳಿಯಂದಿರಾದ ಡಾ. ನಾನಾಸಾಹೇಬ ದೇಶಪಾಂಡೆಯವರು, ಅವರೂ ವೈದ್ಯರು. ಸಂಗೀತದ ಸೇವೆಗೆ ನಿಂತ ವೈದ್ಯರೆಂದರೆ ನಾನಾಸಾಹೇಬರಂತಹವರು. ಸಂಗೀತವನ್ನೇ ಸೇವೆಗೆ ನಿಲ್ಲಿಸಿಕೊಂಡವರೆಂದರೆ ಅವಚಟರು. ಅವರು ಕಚೇರಿಯ ಕಲಾವಿದರಲ್ಲ, ಘರಾಣೆಯ ಹೆಸರು ಹೇಳಿದವರಲ್ಲ. ಮಹಾನ್ ಗಾಯಕರ ನಗರದಲ್ಲಿದ್ದು, ತಮ್ಮ ವಿದ್ಯೆಯ ಅಳತೆಯನ್ನು ಚೆನ್ನಾಗಿ ಬಲ್ಲವರಾಗಿ, ಆದರೂ ಸಂಕೋಚವಿಲ್ಲದೆ ನುಡಿಸಿದರು, ಹಾಡಿದರು. ಪರಿಪೂರ್ಣತೆಯಿಲ್ಲದವನಿಗೂ ನಾದದ ಆನಂದದಲ್ಲಿ ಪಾಲುಂಟೆಂಬ ಈ ನಿಸ್ಸಂಕೋಚವೇ ಅವರ ರೋಗಿಗಳಿಗೆ ಬೇಕಾಗಿದ್ದ ಪಾಠ.

ಅದೇಕೆ ಬೇಕಾಗಿತ್ತೆಂಬುದನ್ನು ಶರೀರಶಾಸ್ತ್ರದ ಕಡೆಯಿಂದ ನೋಡಬೇಕು. ಟರ್ಕಿಯ ಯಾತನೆಯು ಎಷ್ಟು ಘೋರವಾದರೂ ಒಂದು ವಾರ ಹತ್ತು ದಿನಗಳಲ್ಲಿ ತಗ್ಗುತ್ತದೆ. ಔಷಧಗಳಿಂದ ಅದನ್ನು ಸಹ್ಯವಾಗಿಯೂ ಮಾಡಬಹುದು. ನಿಜವಾದ ಅಪಾಯವು ಆರಂಭವಾಗುವುದು ಮೈನೋವು ನಿಂತ ಮೇಲೆ. ನೋವನ್ನು ತಣಿಸುವ, ಸಂತೋಷವನ್ನು ಹುಟ್ಟಿಸುವ ಕೆಲವು ರಸಗಳನ್ನು ನಮ್ಮ ಮೆದುಳು ತಾನೇ ತಯಾರಿಸಿಕೊಳ್ಳುತ್ತದೆ. ಹೊರಗಿನಿಂದ ಪ್ರತಿದಿನವೂ ಅದಕ್ಕಿಂತ ಬಹಳ ಹೆಚ್ಚು ಬಂದು ಬೀಳತೊಡಗಿದಾಗ ಆ ಸ್ವಂತ ವ್ಯವಸ್ಥೆಯು ಮಂಕಾಗುತ್ತದೆ. ಗರ್ದನ್ನು ನಿಲ್ಲಿಸಿದವನಿಗೆ ತಿಂಗಳುಗಟ್ಟಲೆ ಊಟದಲ್ಲಿ ರುಚಿಯಿಲ್ಲ, ಮಾತಿನಲ್ಲಿ ಆಸಕ್ತಿಯಿಲ್ಲ, ಬೆಳಗ್ಗೆ ಏಳುವುದಕ್ಕೆ ಕಾರಣವಿಲ್ಲ. ಅವನ ದಿನವೆಲ್ಲ ಹಿಂದೆ ಆ ಪುಡಿಯ ಸುತ್ತಲೇ ಕಟ್ಟಲ್ಪಟ್ಟಿತ್ತು: ಹಣ ಹೊಂದಿಸುವುದು, ಮಾರುವವನನ್ನು ಹುಡುಕುವುದು, ಮರೆ ನೋಡುವುದು, ಸೇದುವುದು. ಅದೆಲ್ಲವೂ ಏಕಕಾಲದಲ್ಲಿ ಹೋಗಿ, ಬೆಳಗಿನಿಂದ ರಾತ್ರಿಯವರೆಗೆ ಒಂದು ಬರಿದಾದ ಬಯಲು ಅವನೆದುರು ಬಿದ್ದುಕೊಳ್ಳುತ್ತದೆ. ಬಿಡು ಎಂದು ಹೇಳುವವರು ಸಾವಿರ ಮಂದಿ. ಬಿಟ್ಟ ಮೇಲೆ ಏನನ್ನು ಹಿಡಿಯಲೆಂಬುದನ್ನು ಹೇಳುವವರಿಲ್ಲ. ಉಪದೇಶದಿಂದ ಈ ಬಯಲು ತುಂಬುವುದಿಲ್ಲ. ಅದನ್ನು ಸಂತೋಷವೇ ತುಂಬಬೇಕು. ಅದೂ ಮೆಲ್ಲನೆ ಬರುವ, ಪ್ರತಿದಿನವೂ ಸ್ವಲ್ಪ ಶ್ರಮಪಟ್ಟು ಗಳಿಸಬೇಕಾದ ಸಂತೋಷ.

ಕೊಳಲನ್ನು ಕೈಗೆತ್ತಿಕೊಂಡವನ ಮೊದಲ ದಿನಗಳನ್ನು ನೆನೆದುಕೊಳ್ಳಿರಿ. ತೂತಿಗೆ ತುಟಿಯಿಟ್ಟು ಎಷ್ಟು ಊದಿದರೂ ಬರುವುದು ಬರಿಯ ಗಾಳಿಯ ಸದ್ದು. ಹತ್ತು ಸಲ ಊದಿದರೆ ತಲೆ ತಿರುಗುತ್ತದೆ. ತುಟಿಯನ್ನು ಒಂದು ಕೂದಲೆಳೆಯಷ್ಟು ಇತ್ತ ಸರಿಸಿದಾಗ, ಏಕೆಂದು ತಿಳಿಯುವ ಮೊದಲೇ, ಒಂದು ಸ್ವರವು ಹೊರಡುತ್ತದೆ, ಮರುಕ್ಷಣ ಮಾಯವಾಗುತ್ತದೆ. ಆರು ರಂಧ್ರಗಳ ಮೇಲೆ ಬೆರಳನ್ನು ಕೂಡಿಸುವುದಕ್ಕೆ ವಾರಗಳು ಬೇಕು. ಒಂದು ಬೆರಳು ತುಸು ಸಡಿಲವಾದರೂ ಸ್ವರವು ಒಡೆಯುತ್ತದೆ. ಕೋಮಲ ಗಾಂಧಾರವನ್ನು ಹಿಡಿಯಬೇಕಾದರೆ ರಂಧ್ರವನ್ನು ಪೂರ್ತಿ ತೆರೆಯಲಾಗದು, ಪೂರ್ತಿ ಮುಚ್ಚಲಾಗದು. ಅರ್ಧ ಮುಚ್ಚಿದ ಬೆರಳಿನ ಅಂಚಿನಲ್ಲಿ ಅದನ್ನು ಕಿವಿಯಿಂದಲೇ ಅರಸಬೇಕು. ಅವಸರಪಟ್ಟವನಿಗೆ ಕೊಳಲು ಒಲಿಯದು. ಗರ್ದಿನವನು ಕೊಳವೆಯಿಂದ ಹೊಗೆಯನ್ನು ಒಳಗೆ ಎಳೆದುಕೊಂಡವನು. ಕ್ಷಣದಲ್ಲಿ ಸುಖ, ಶ್ರಮವಿಲ್ಲ, ಯಾರೊಡನೆಯೂ ಹಂಚಿಕೊಳ್ಳಲಾಗದು. ಈ ಕೊಳವೆಯಾದರೋ ಉಸಿರನ್ನು ಹೊರಗೆ ಕೇಳುತ್ತದೆ. ಸುಖವು ತಡವಾಗಿ ಬರುತ್ತದೆ. ಬಂದುದು ನುಡಿಸಿದವನೊಬ್ಬನ ಪಾಲಿಗೆ ಉಳಿಯದೆ ಹತ್ತಿರವಿದ್ದವರಿಗೆಲ್ಲ ಸಲ್ಲುತ್ತದೆ. ಅವಚಟರು ಮುಕ್ತಾಂಗಣದವರ ನಡುವೆ ಕುಳಿತು ನುಡಿಸುತ್ತಿದ್ದಾಗ ನಡೆಯುತ್ತಿದ್ದದ್ದು ಮನರಂಜನೆಯಲ್ಲ. ಹೊಗೆಯಿಲ್ಲದೆಯೂ ಮನುಷ್ಯನೊಬ್ಬನು ಇಷ್ಟು ಸುಖವಾಗಿರಬಲ್ಲನೆಂಬುದಕ್ಕೆ ಅವರು ತಮ್ಮನ್ನೇ ಸಾಕ್ಷಿಯಾಗಿ ಒಡ್ಡಿಕೊಳ್ಳುತ್ತಿದ್ದರು. ಅವರು ಬೇರೆಯವರಿಗೆ ಬರೆದುಕೊಟ್ಟ ಔಷಧವನ್ನು ತಾವೂ ಬದುಕಿನುದ್ದಕ್ಕೂ ಸೇವಿಸಿದರು.

ಕಾಗದದ ಹಕ್ಕಿಗೂ ಮರದ ಕೆತ್ತನೆಗೂ ಇದೇ ಮಾತು ಸಲ್ಲುತ್ತದೆ. ಕೈಗೆ ಕೆಲಸ, ಕಣ್ಣಿಗೆ ಏಕಾಗ್ರತೆ, ಕೊನೆಗೆ ತಾನು ಮಾಡಿದೆನೆಂದು ಹೇಳಿಕೊಳ್ಳಬಹುದಾದ ಒಂದು ವಸ್ತು. ತನ್ನ ಕೈಯಿಂದ ಎಲ್ಲವೂ ಹಾಳಾಯಿತೆಂದು ನಂಬಿದವನಿಗೆ ಇದು ಸಣ್ಣ ಸಂಗತಿಯಲ್ಲ. ಸಂಗೀತ, ವ್ಯಾಯಾಮ, ಯೋಗ, ಗುಂಪಿನಲ್ಲಿ ಕುಳಿತು ಮನಸ್ಸು ಬಿಚ್ಚಿ ಮಾತನಾಡುವುದು, ಇವೆಲ್ಲ ಮುಕ್ತಾಂಗಣದ ದಿನಚರಿಯಲ್ಲಿ ಔಷಧದ ಜೊತೆಯ ಸ್ಥಾನವನ್ನು ಪಡೆದವು. ಗಂಭೀರವಾದ ಸಮಾಜಕಾರ್ಯದಲ್ಲಿ ಹಾಡಿಗೇನು ಕೆಲಸವೆಂದು ಕೇಳುವವರು ನಮ್ಮಲ್ಲಿಯೂ ಇದ್ದಾರೆ. ಸೇವೆಯೆಂದರೆ ಮುಖ ಬಿಗಿದುಕೊಂಡು ಮಾಡುವ ತ್ಯಾಗವೆಂಬ ಭಾವನೆ ನಮ್ಮ ಸಂಸ್ಥೆಗಳಲ್ಲಿ ಬೇರೂರಿದೆ. ಸಂತೋಷವಾಗಿರಲು ತಾನೇ ಅರಿಯದವನು ಸಂತೋಷವನ್ನು ಕಳೆದುಕೊಂಡವನಿಗೆ ಯಾವ ದಾರಿಯನ್ನು ತೋರಿಸಿಯಾನು? ಪು. ಲ. ಅವರಂತಹ ರಸಿಕರ ಹಣದಿಂದ ಈ ಕೇಂದ್ರವು ಮೊದಲಾದುದರಲ್ಲಿ ಒಂದು ಔಚಿತ್ಯವಿದೆಯೆಂದು ನನಗೆ ಅನಿಸುವುದು ಈ ಕಾರಣದಿಂದ.

ಸುನಂದಾ ಅವರನ್ನು ಕ್ಯಾನ್ಸರ್ ರೋಗವು ಹಿಡಿಯಿತು. ಅದರೊಡನೆ ಕೆಲವು ವರ್ಷ ಹೋರಾಡುತ್ತಲೇ ಅವರು ಕೇಂದ್ರವನ್ನು ನಡೆಸಿ, 1997ರಲ್ಲಿ ತೀರಿಕೊಂಡರು. ಮನಶ್ಶಾಸ್ತ್ರವನ್ನು ಅಭ್ಯಸಿಸಿದ ಹಿರಿಯ ಮಗಳು ಮುಕ್ತಾ ಪುಣತಾಂಬೇಕರ ಅವರು ತಾಯಿಯ ಸ್ಥಾನಕ್ಕೆ ಬಂದರು. ಸಂಸ್ಥೆಯು ಸ್ವಂತ ಕಟ್ಟಡವನ್ನು ಪಡೆಯಿತು. ಸ್ತ್ರೀಯರಿಗಾಗಿ 'ನಿಶಿಗಂಧ' ಎಂಬ ಪ್ರತ್ಯೇಕ ವಿಭಾಗವು ತೆರೆಯಿತು. ದಾಭೋಲ್ಕರರು ಸಾತಾರೆಯಲ್ಲಿ ಕಟ್ಟಿದ 'ಪರಿವರ್ತನ' ಕೇಂದ್ರವೂ ಇದೇ ಹಾದಿಯದು. ಅನಿಲರು 'ಮುಕ್ತಾಂಗಣಚೀ ಗೋಷ್ಟ' ಎಂಬ ಗ್ರಂಥದಲ್ಲಿ ಸಂಸ್ಥೆಯ ಕಥೆಯನ್ನು ತಾವೇ ಹೇಳಿದ್ದಾರೆ. ಪ್ರಶಸ್ತಿಗಳು ಬಂದವು: ಮಕ್ಕಳಿಗಾಗಿ ಬರೆದ 'ಸೃಷ್ಟೀತ... ಗೋಷ್ಟೀತ' ಕೃತಿಗೆ 2010ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಬಾಲಸಾಹಿತ್ಯ ಪುರಸ್ಕಾರ. ವ್ಯಸನಮುಕ್ತಿಯ ಕಾರ್ಯಕ್ಕಾಗಿ 2013ರಲ್ಲಿ ರಾಷ್ಟ್ರಪತಿಗಳ ಹಸ್ತದಿಂದ ರಾಷ್ಟ್ರೀಯ ಗೌರವ. ಅವರು ಪುಣೆಯಲ್ಲಿ ನಿಧನ ಹೊಂದಿದ್ದು 2022ನೆಯ ಜನವರಿ 27ರಂದು, 77ನೆಯ ವಯಸ್ಸಿನಲ್ಲಿ.

ಅವರ ಕಾಲದಲ್ಲಿ ಬೇರೂರಿದ ಒಂದು ಪದ್ಧತಿಯನ್ನು ಇಲ್ಲಿ ವಿಶೇಷವಾಗಿ ಹೇಳಬೇಕು. ಗುಣ ಹೊಂದಿದ ಅನೇಕರು ಮುಕ್ತಾಂಗಣವನ್ನು ಬಿಟ್ಟು ಹೋಗದೆ ಅಲ್ಲಿಯೇ ಕಾರ್ಯಕರ್ತರಾದರು. ಸಮಾಲೋಚನೆ, ದಾಖಲಾತಿ, ಊರೂರಿನ ಅನುವರ್ತನ ಸಭೆಗಳು, ಇಂತಹ ಕೆಲಸಗಳಲ್ಲಿ ತೊಡಗಿದವರಲ್ಲಿ ಹಿಂದೊಮ್ಮೆ ಅಲ್ಲಿಯೇ ರೋಗಿಗಳಾಗಿ ಮಲಗಿದ್ದವರು ಬಹಳ. ವೈದ್ಯನಿಗೆ ಪುಸ್ತಕದಿಂದ ತಿಳಿದದ್ದು ಇವರಿಗೆ ಮೈಯಿಂದ ತಿಳಿದಿದೆ. ಸುಳ್ಳು ಹೇಳುವವನ ಸುಳ್ಳನ್ನು ಇವರು ಮೊದಲ ವಾಕ್ಯದಲ್ಲಿಯೇ ಹಿಡಿಯುತ್ತಾರೆ, ಹಿಡಿದ ಮೇಲೆಯೂ ಅವನನ್ನು ಬಿಟ್ಟುಕೊಡುವುದಿಲ್ಲ. ಬಿಟ್ಟು ಒಂದು ವರ್ಷ ಪೂರೈಸಿದವನಿಗೆ ಅಲ್ಲಿ ಹುಟ್ಟುಹಬ್ಬದ ಆಚರಣೆಯುಂಟು.

ನಮ್ಮ ಕರ್ನಾಟಕದಲ್ಲಿ ಗರ್ದಿಗಿಂತ ಮದ್ಯದ ಹಾವಳಿಯೇ ಹೆಚ್ಚು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ಉನ್ನತ ಮಟ್ಟದ ಚಿಕಿತ್ಸೆಯುಂಟು. ಹಳ್ಳಿಗಳಲ್ಲಿ ಧರ್ಮಸ್ಥಳದ ಯೋಜನೆಯವರು ಊರಿನ ಕಲ್ಯಾಣಮಂಟಪದಲ್ಲಿಯೋ ಶಾಲೆಯಲ್ಲಿಯೋ ಮದ್ಯವರ್ಜನ ಶಿಬಿರಗಳನ್ನು ನಡೆಸುತ್ತಾರೆ, ಶಿಬಿರ ಮುಗಿದ ಮೇಲೆ ಬಿಟ್ಟವರನ್ನು ಕೂಡಿಸಿ ನವಜೀವನ ಸಮಿತಿಗಳನ್ನು ರಚಿಸುತ್ತಾರೆ. ಶಿಬಿರದ ದಿನಗಳು ಹೇಗೋ ಕಳೆಯುತ್ತವೆ. ಕಷ್ಟವಿರುವುದು ಅನಂತರದ ಸಂಜೆಗಳಲ್ಲಿ, ಹಿಂದೆ ಮದ್ಯದ ಅಂಗಡಿಗೆ ಕಾಲೆಳೆಯುತ್ತಿದ್ದ ಆ ಆರರಿಂದ ಒಂಬತ್ತರವರೆಗಿನ ಹೊತ್ತಿನಲ್ಲಿ. ನಮ್ಮ ಊರುಗಳಲ್ಲಿ ಭಜನಾಮಂದಿರಗಳಿವೆ, ಕರಡಿಮಜಲು ಬಾರಿಸುವವರಿದ್ದಾರೆ, ಸಣ್ಣಾಟ ದೊಡ್ಡಾಟಗಳ ಮೇಳಗಳಿವೆ, ಕರಾವಳಿಯಲ್ಲಿ ತಾಳಮದ್ದಲೆಯ ಕೂಟಗಳಿವೆ. ಅಲ್ಲಿ ಗಂಡಸರು ಎಷ್ಟೋ ತಲೆಮಾರುಗಳಿಂದ ರಾತ್ರಿಗಳನ್ನು ಮದ್ಯವಿಲ್ಲದೆ ಸುಖವಾಗಿ ಬೆಳಗು ಮಾಡಿದ್ದಾರೆ. ನವಜೀವನ ಸಮಿತಿಯ ಸಭೆಯು ಅಂತಹದೊಂದು ತಾಣದಲ್ಲಿ ಸೇರಲಿ. ಹಾಜರಿ, ಭಾಷಣ, ವಂದನಾರ್ಪಣೆಗಳ ನಡುವೆ ಒಂದು ಹಾರ್ಮೋನಿಯಮ್ಮಿಗೂ ಒಂದು ಜೊತೆ ತಾಳಕ್ಕೂ ಎರಡು ಗಂಟೆಗಳ ಅವಕಾಶವಿರಲಿ. ಸ್ವರ ತಪ್ಪುವವನನ್ನೂ ಮುಂದಿನ ಸಾಲಿಗೆ ಕರೆದು ಕೂರಿಸಲಿ. ಇದಕ್ಕೆ ಬೇಕಾಗುವ ಹಣವು ಅತ್ಯಲ್ಪ, ಹೇಳಿಕೊಡಬಲ್ಲವರು ಪ್ರತಿ ಹೋಬಳಿಯಲ್ಲಿಯೂ ಇದ್ದಾರೆ.